ಗಿರಿಯ ಲೆಕ್ಕ ಕೈಮರದಲ್ಲಿ ಸಿಗುವುದಿಲ್ಲ

ಚಿಕ್ಕಮಗಳೂರು ಜಿಲ್ಲಾಡಳಿತ 2025ರ ಸೆಪ್ಟೆಂಬರ್‌ನಲ್ಲಿ ಜಾರಿಗೆ ತಂದ ನಿಯಮದ ಪ್ರಕಾರ ಮುಳ್ಳಯ್ಯನಗಿರಿ, ಸೀತಾಳಯ್ಯನಗಿರಿ, ಬಾಬಾಬುಡನ್‌ಗಿರಿ ಕಡೆ ಹೊರಟ ಪ್ರವಾಸಿಗರು ಆನ್‌ಲೈನ್‌ನಲ್ಲಿ ಮುಂಗಡವಾಗಿ ನೋಂದಾಯಿಸಿಕೊಳ್ಳಬೇಕು. ಬೆಳಿಗ್ಗೆ 6ರಿಂದ 12, ಮಧ್ಯಾಹ್ನ 1ರಿಂದ 6 ಎಂದು ಎರಡು ಪಾಳಿ. ಪಾಳಿಗೆ 600 ವಾಹನ. ವಾರಾಂತ್ಯದಲ್ಲಿ ಗಿರಿಯ ತಿರುವುಗಳಲ್ಲಿ ಅತ್ತ ಹೋಗಲಾರದೆ ಇತ್ತ ಬರಲಾರದೆ ನಿಲ್ಲುತ್ತಿದ್ದ ವಾಹನಗಳ ಸಾಲು ಕಂಡವರು ಇದು ಬೇಡವೆನ್ನಲಾರರು. ರಸ್ತೆಯ ಮಟ್ಟಿಗೆ ಇದು ಒಳ್ಳೆಯ ಕ್ರಮ, ತಡವಾಗಿಯಾದರೂ ಬಂದ ಕ್ರಮ. ನನ್ನ ತಕರಾರು ಇರುವುದು ಇದನ್ನೇ ಗಿರಿಯ ಸಂರಕ್ಷಣೆಯೆಂದು ಹೇಳಿಕೊಳ್ಳುವುದರ ಬಗ್ಗೆ. ವಾಹನಕ್ಕೆ ನಾಲ್ವರಂತೆ ಹಿಡಿದರೂ ದಿನಕ್ಕೆ 4,800 ಜನರಾಯಿತು. ಇವರೆಲ್ಲ ಇಳಿದ ಮೇಲೆ ಎಲ್ಲಿ ನಡೆಯುತ್ತಾರೆ, ಯಾವ ಹುಲ್ಲನ್ನು ತುಳಿಯುತ್ತಾರೆ, ಎಷ್ಟು ಪ್ಲಾಸ್ಟಿಕ್ ಬಿಟ್ಟು ಬರುತ್ತಾರೆ ಎಂಬುದು ಗಿರಿಯ ದಾರಿಯಲ್ಲಿ ವಾಹನ ಎಣಿಸುವ ಕೈಮರದ ಚೆಕ್‌ಪೋಸ್ಟಿನಲ್ಲಿ ಲೆಕ್ಕಕ್ಕೆ ಸಿಗುವುದಿಲ್ಲ.

ಈ ಬೆಟ್ಟಗಳ ನೆತ್ತಿಯ ಮೇಲಿರುವುದು ಹುಲ್ಲು, ಕಣಿವೆಯ ಮಡಿಲಲ್ಲಿರುವುದು ಶೋಲಾ ಕಾಡು. ಹುಲ್ಲಿನ ಬೇರು ಹಿಡಿದಿಟ್ಟ ತೆಳು ಮಣ್ಣು, ಅದರಡಿ ಬಂಡೆ. ಜನ ಒಂದೇ ಜಾಡಿನಲ್ಲಿ ನಡೆದರೆ ಹುಲ್ಲು ಸಾಯುತ್ತದೆ, ಮಣ್ಣು ಗಟ್ಟಿಯಾಗುತ್ತದೆ, ನೀರು ಇಂಗುವುದು ನಿಲ್ಲುತ್ತದೆ. ಮಳೆ ಹಿಡಿದಾಗ ಆ ಜಾಡೇ ತೋಡಾಗಿ ಹರಿಯುತ್ತದೆ. ಕೆಸರಿಗೆ ಹೆದರಿದವರು ಪಕ್ಕದ ಹುಲ್ಲಿನ ಮೇಲೆ ಕಾಲಿಡುತ್ತಾರೆ. ಅಲ್ಲೊಂದು ಎರಡನೆಯ ಜಾಡು ಬೀಳುತ್ತದೆ, ಮುಂದಿನ ಮಳೆಗಾಲಕ್ಕೆ ಎರಡೂ ಸೇರಿ ಕೊರಕಲಾಗುತ್ತದೆ. ಹೊರನಾಡಿನ ಹತ್ತಿರದ ಕ್ಯಾತನಮಕ್ಕಿಯಂಥ ಕಡೆ ಜೀಪಿನ ಚಕ್ರಗಳು ಇದೇ ಕೆಲಸವನ್ನು ಇನ್ನೂ ಬೇಗ ಮಾಡುತ್ತವೆ.

ಎಷ್ಟು ಜನ ಬಂದರೆ ಹೆಚ್ಚು ಎಂಬ ಪ್ರಶ್ನೆಯನ್ನು ಹೊರಾಂಗಣ ವಿಹಾರದ ಸಂಶೋಧನೆ ಬಹಳ ಹಿಂದೆಯೇ ಎದುರಿಸಿದೆ. ಅಮೆರಿಕದ ಅಲನ್ ವೇಗರ್ 1964ರಲ್ಲಿ ಕಾಡುಪ್ರದೇಶಗಳ ಧಾರಣ ಸಾಮರ್ಥ್ಯದ, ಅಂದರೆ ಒಂದು ಜಾಗ ಎಷ್ಟು ಜನರನ್ನು ತಾಳಿಕೊಳ್ಳಬಲ್ಲದು ಎಂಬುದರ ಬಗ್ಗೆ ಬರೆದಾಗಲೇ, ಎಷ್ಟು ಜನ ಹೆಚ್ಚಾಯಿತು ಎಂಬುದು ಆ ಜಾಗದಿಂದ ನಾವು ಏನನ್ನು ಬಯಸುತ್ತೇವೆ ಎಂಬುದನ್ನೂ ಅವಲಂಬಿಸಿದೆ ಎಂದು ಕಂಡುಕೊಂಡಿದ್ದರು. ಡೇವಿಡ್ ಕೋಲ್ ಮತ್ತಿತರರ ಅಧ್ಯಯನಗಳು ಇನ್ನೊಂದು ಕಹಿ ಸತ್ಯ ಹೇಳಿದವು: ಹೊಸ ಜಾಗದಲ್ಲಿ ಹಾನಿಯ ಬಹುಪಾಲು ಮೊದಲ ಸ್ವಲ್ಪ ತುಳಿತಕ್ಕೇ ಆಗಿಹೋಗುತ್ತದೆ, ಆಮೇಲೆ ಜನ ಇಮ್ಮಡಿಯಾದರೂ ಹಾನಿ ಇಮ್ಮಡಿಯಾಗುವುದಿಲ್ಲ. ಹಾಗಾಗಿ ಈಗಾಗಲೇ ಸವೆದ ದಾರಿಯಲ್ಲಿ ಜನ ಅರ್ಧಕ್ಕಿಳಿದರೂ ಹುಲ್ಲು ಮರಳುವುದಿಲ್ಲ, ಹೊಸ ಗುಡ್ಡವೊಂದಕ್ಕೆ ಸ್ವಲ್ಪ ಜನ ಹೊರಳಿದರೂ ಅದು ಕೆಡುತ್ತದೆ. ಕೈಮರದಲ್ಲಿ ಜಾಗ ಸಿಗದವರು ಹೋಂಸ್ಟೇಗೆ ಹಣ ಕಟ್ಟಿ ಬಂದವರು, ಊರಿಗೆ ವಾಪಸ್ ಹೋಗುವವರಲ್ಲ. ಬೇರೇನಿದೆ ನೋಡೋದಕ್ಕೆ ಎಂದು ಅವರು ಕೇಳುತ್ತಾರೆ. ದೇವರಮನೆ, ರಾಣಿಝರಿ ಎಂಬ ಉತ್ತರ ಸಿದ್ಧವಾಗಿರುತ್ತದೆ. ಒಂದು ಗಿರಿಗೆ ಹಾಕಿದ ಮಿತಿ ಇಡೀ ಮೂಡಿಗೆರೆ, ಕಳಸದ ಗುಡ್ಡಗಳ ಲೆಕ್ಕದೊಳಗೆ ಸೇರಬೇಕಾದದ್ದು ಇದಕ್ಕೇ.

ಜನರ ಸಂಖ್ಯೆಯೊಂದೇ ಎಲ್ಲವನ್ನೂ ತೀರ್ಮಾನಿಸುವುದಿಲ್ಲ ಎಂಬುದಕ್ಕೆ ಇಲ್ಲಿಯದೇ ಸಾಕ್ಷಿ ಬಿಂಡಿಗದ ದೇವಿರಮ್ಮನ ಬೆಟ್ಟ. ದೀಪಾವಳಿಯ ನರಕ ಚತುರ್ದಶಿಗೆ ಸಾವಿರಾರು ಭಕ್ತರು ಅದನ್ನು ಹತ್ತುತ್ತಾರೆ. ಅಂದಿನ ನೂಕುನುಗ್ಗಲು ಗಿರಿಯ ಯಾವ ಭಾನುವಾರಕ್ಕೂ ಕಡಿಮೆಯಲ್ಲ. ಆದರೆ ಆ ಹಬ್ಬ ಮುಗಿದ ಮೇಲೆ ಬೆಟ್ಟಕ್ಕೆ ಉಸಿರಾಡಲು ಬಹುತೇಕ ಒಂದು ವರ್ಷವಿದೆ. ಮುಳ್ಳಯ್ಯನಗಿರಿಗೆ ಆ ಬಿಡುವಿಲ್ಲ. ಅದರಲ್ಲೂ ಮಂಜು ನೋಡಲೆಂದು ಜನ ಮುಗಿಬೀಳುವುದು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಮಣ್ಣು ನೆನೆದು ಅತ್ಯಂತ ದುರ್ಬಲವಾಗಿರುವ ತಿಂಗಳುಗಳಲ್ಲಿ. ನಮ್ಮಲ್ಲಿ ಚಾರಣ ನಿಲ್ಲಿಸುವುದು ಬೇಸಿಗೆಯ ಕಾಡ್ಗಿಚ್ಚಿನ ಭಯಕ್ಕೆ. ಮಳೆಯಲ್ಲಿ ನಿಲ್ಲಿಸಿದರೆ ಅದು ರೆಡ್ ಅಲರ್ಟ್ ಇದ್ದಾಗ, ಪ್ರವಾಸಿಗರ ಪ್ರಾಣ ಉಳಿಸಲು. ಎರಡೂ ಸರಿ. ನೆಲದ ಸ್ಥಿತಿ ನೋಡಿ ದಾರಿ ಮುಚ್ಚುವ ಪದ್ಧತಿ ಮಾತ್ರ ಬೆಳೆದಿಲ್ಲ.

ಚಾರಣಕ್ಕೆ ಅರಣ್ಯ ಇಲಾಖೆ ಹಾಕಿದ ಮಿತಿಯದೂ ಇದೇ ಕಥೆ. 2024ರ ಜನವರಿಯಲ್ಲಿ ಕುಮಾರ ಪರ್ವತಕ್ಕೆ ಜನಸಾಗರ ಹರಿದ ಮೇಲೆ ಸರ್ಕಾರ ಎಚ್ಚೆತ್ತಿತು. ಆಮೇಲೆ ಆನ್‌ಲೈನ್ ನೋಂದಣಿ, ದಿನಕ್ಕೆ 300 ಚಾರಣಿಗರು ಎಂಬ ಮಿತಿ ಬಂದವು. ಕುದುರೆಮುಖದ ಉದ್ದನೆಯ ದಾರಿಗೂ 300, ನೇತ್ರಾವತಿ ಶಿಖರದ ದಾರಿಗೂ 300. ಇಳಿಜಾರು, ಮಣ್ಣು, ಹಳ್ಳ ದಾಟುವ ಜಾಗ ಎಲ್ಲವೂ ಬೇರೆ ಬೇರೆಯಾದ ಎರಡು ದಾರಿಗಳು ಒಂದೇ ಸಂಖ್ಯೆಯನ್ನು ತಾಳಿಕೊಳ್ಳುತ್ತವೆ ಎಂಬುದು ಆಡಳಿತದ ಅನುಕೂಲ ಅಷ್ಟೆ. 2012ರಲ್ಲಿ ರಾಷ್ಟ್ರೀಯ ಹುಲಿ ಸಂರಕ್ಷಣಾ ಪ್ರಾಧಿಕಾರ ಹೊರಡಿಸಿದ ಮಾರ್ಗಸೂಚಿ, ಪ್ರತಿ ಹುಲಿ ಮೀಸಲು ಪ್ರದೇಶವೂ ತನ್ನ ಧಾರಣ ಸಾಮರ್ಥ್ಯವನ್ನು ಲೆಕ್ಕ ಹಾಕಬೇಕೆಂದು ಸೂತ್ರವನ್ನೇ ಕೊಟ್ಟಿತು. ಇದೇ ಜಿಲ್ಲೆಯ ಭದ್ರಾ ಹುಲಿ ಮೀಸಲಿಗೆ ಅನ್ವಯವಾಗುವ ಶಿಸ್ತು ಅದರ ನೆರೆಯ ಗಿರಿಶ್ರೇಣಿಗೆ ಏಕೆ ಬೇಡ?

ಇಷ್ಟೆಲ್ಲ ಅಳೆಯಲು ಸಿಬ್ಬಂದಿ ಎಲ್ಲಿ, ದುಡ್ಡೆಲ್ಲಿ ಎಂಬ ಆಕ್ಷೇಪ ಬರುತ್ತದೆ. ತೋಟದ ರೈಟರು ಮಳೆಯನ್ನು ಇಂಚು, ಸೆಂಟಿನ ಲೆಕ್ಕದಲ್ಲಿ ದಿನವೂ ಬರೆದಿಡುವ ಸೀಮೆಯಿದು. ಬಾಳೆಹೊನ್ನೂರಿನಲ್ಲಿ ಕಾಫಿ ಸಂಶೋಧನೆ ಶುರುವಾದದ್ದು 1925ರಲ್ಲಿ; ಅಳೆದು ಬರೆದಿಡುವುದು ಇಲ್ಲಿಗೆ ಹೊಸದಲ್ಲ. ದಾರಿಯಲ್ಲಿ ಗುರುತಿನ ಗೂಟ ನೆಟ್ಟು, ಮಳೆಗಾಲದ ಮೊದಲು ಮತ್ತು ನಂತರ ಅಗಲ, ಆಳ ಅಳೆದು, ಅದೇ ಜಾಗದಿಂದ ಫೋಟೊ ತೆಗೆಯಲು ದೊಡ್ಡ ಯಂತ್ರವೇನೂ ಬೇಕಿಲ್ಲ. ಮೂಡಿಗೆರೆಯ ತೋಟಗಾರಿಕೆ ಕಾಲೇಜಿನ ವಿದ್ಯಾರ್ಥಿಗಳು ಪ್ರತಿ ಸಲ ಒಂದು ವಾರದಲ್ಲಿ ಮುಗಿಸಬಲ್ಲ ಕೆಲಸ ಅದು.

ಇನ್ನೊಂದು ಆಕ್ಷೇಪ ಹೆಚ್ಚು ತೂಕದ್ದು: ಜೀಪಿನ ಚಾಲಕ, ಜೋಳ ಸುಡುವವಳು, ಸಣ್ಣ ತೋಟದ ಜೊತೆಗೆ ಹೋಂಸ್ಟೇ ನಡೆಸುವ ಕುಟುಂಬ ಇವರ ಗತಿಯೇನು? ಮಿತಿಯೆಂದರೆ ತಮ್ಮ ಓಡಾಟಕ್ಕೇ ಸಂಚಕಾರವೆಂದು ಮಲೆನಾಡಿನವರು ಹೆದರುವುದಕ್ಕೆ ಕಾರಣಗಳಿವೆ. ಮುಳ್ಳಯ್ಯನಗಿರಿಯನ್ನು ಸಂರಕ್ಷಣಾ ಮೀಸಲು ಮಾಡುವ ಪ್ರಸ್ತಾವ ಬಂದಾಗ ಎದ್ದ ವಿರೋಧ ಆ ಭಯದ್ದು. ಅದಕ್ಕೇ ಅಮೆರಿಕದ ಸಂಶೋಧಕ ಜಾರ್ಜ್ ಸ್ಟ್ಯಾಂಕಿ ಮತ್ತು ಸಂಗಡಿಗರು 1985ರಲ್ಲಿ ಮಂಡಿಸಿದ ವಿಧಾನ ನಮಗೆ ಹೊಂದುತ್ತದೆ. ಎಷ್ಟು ಜನ ಎಂದು ಕೇಳುವ ಬದಲು ಎಷ್ಟು ಬದಲಾವಣೆಯನ್ನು ಸಹಿಸಬಹುದು ಎಂದು ಅದು ಕೇಳುತ್ತದೆ. ಮೊಂಟಾನಾದ ಬಾಬ್ ಮಾರ್ಷಲ್ ಅರಣ್ಯದಲ್ಲಿ ಆ ಉತ್ತರವನ್ನು ಅಧಿಕಾರಿಗಳು ಸ್ಥಳೀಯರು, ಬಳಕೆದಾರರ ಜೊತೆ ಕೂತು ಕಂಡುಕೊಂಡರು. ಇಲ್ಲೂ ಹಾಗೆ ಕೂತರೆ ಮಳೆಗಾಲದಲ್ಲಿ ಯಾವ ದಾರಿ ಮುಚ್ಚಬೇಕು, ವಾರದ ನಡುವಿನ ದಿನಗಳಿಗೆ ಜನರನ್ನು ಹೇಗೆ ಹೊರಳಿಸಬೇಕು, ಜೀಪು ಎಲ್ಲಿ ನಿಲ್ಲಬೇಕು ಎಂಬುದನ್ನು ಚಾಲಕರೇ ಅಧಿಕಾರಿಗಳಿಗಿಂತ ಚೆನ್ನಾಗಿ ಹೇಳಿಯಾರು. ಗೂಟದ ಅಳತೆ ನಿಗದಿಯ ಗೆರೆ ದಾಟಿದ ದಿನ ಆ ದಾರಿಗೆ ವಿರಾಮ, ಹುಲ್ಲು ಬಂದ ಮೇಲೆ ಮತ್ತೆ ಪ್ರವೇಶ. 600 ಎಂಬ ಸಂಖ್ಯೆ ಏರಬೇಕೋ ಇಳಿಯಬೇಕೋ ಎಂಬುದು ಆ ಅಳತೆಯ ಪುಸ್ತಕ ನೋಡಿ ನಿರ್ಧಾರವಾಗಲಿ, ಆ ಪುಸ್ತಕ ಯಾರು ಕೇಳಿದರೂ ನೋಡಲು ಸಿಗಲಿ.