ಬಾಲ ಭಾರದ ಕಾರು, ಪ್ಯಾಡಕ್ ಹಿಲ್ ಇಳಿಜಾರು

1974ರ ಪೋರ್ಷೆ 911 ಕರೇರಾ ಆರ್‌ಎಸ್‌ಆರ್ 3.0 ಕಾರಿನಲ್ಲಿ ಆನ್‌ಲೈನ್ ರೇಸಿಗಿಳಿಯುವವರಿಗೆ ನಾನು ಮೊದಲು ಹೇಳುವುದು ಒಂದೇ ಮಾತು: ತಿರುವಿನ ನಡುವೆ ಆಕ್ಸಿಲರೇಟರ್‌ನಿಂದ ಕಾಲು ಎತ್ತಬೇಡಿ. ಹೆದರಿಕೆಯಾದರೆ ಕಾಲು ತಾನಾಗಿಯೇ ಮೇಲೇಳುತ್ತದೆ. ಇವತ್ತಿನ ರೇಸ್ ಕಾರುಗಳು ಬಹುಮಟ್ಟಿಗೆ ಅದನ್ನು ಮನ್ನಿಸುತ್ತವೆ. ಈ ಕಾರು ಮನ್ನಿಸುವುದಿಲ್ಲ.

ಇದಕ್ಕೆಲ್ಲ ಕಾರಣ ಎಂಜಿನ್ ಕೂತಿರುವ ಜಾಗ. ಆರು ಸಿಲಿಂಡರಿನ, 2,994 ಸಿಸಿಯ, ಸುಮಾರು 330 ಅಶ್ವಶಕ್ತಿಯ ಆ ಎಂಜಿನ್ ಹಿಂದಿನ ಆಕ್ಸಲ್‌ಗಿಂತಲೂ ಹಿಂದೆ ಇದೆ. ಕಾರಿನ ಒಟ್ಟು ತೂಕ ಸುಮಾರು 900 ಕೆ.ಜಿ., ಅದರ ಹೆಚ್ಚಿನ ಪಾಲು ಬಾಲದಲ್ಲಿ. ಕ್ಯಾರಿಯರ್ ಮೇಲೆ ಅಕ್ಕಿ ಮೂಟೆ ಹೇರಿಕೊಂಡು ಸೈಕಲ್ ತುಳಿದವರಿಗೆ ಈ ಪಾಡು ಗೊತ್ತು: ಹ್ಯಾಂಡಲ್ ಹಗುರ, ಹಿಂಬದಿ ಹೇಳಿದ ಮಾತು ಕೇಳದು. ತಿರುವಿನಲ್ಲಿ ಕಾಲೆತ್ತಿದರೆ ಭಾರ ಮುಂದಕ್ಕೆ ಸರಿಯುತ್ತದೆ, ಹಿಂದಿನ ಟೈರುಗಳ ಹಿಡಿತ ಸಡಿಲವಾಗುತ್ತದೆ, ಬಾಲ ಹೊರಕ್ಕೆ ಬೀಸುತ್ತದೆ. ನೆರವಿಗೆ ಎಬಿಎಸ್ ಇಲ್ಲ, ಟ್ರ್ಯಾಕ್ಷನ್ ಕಂಟ್ರೋಲ್ ಇಲ್ಲ.

ಸಿಮ್ಯುಲೇಟರ್‌ನಲ್ಲಿ ಇನ್ನೊಂದು ಕಷ್ಟ ಸೇರಿಕೊಳ್ಳುತ್ತದೆ. ನಿಜವಾದ ಕಾರಿನಲ್ಲಿ ಬಾಲ ಜಾರತೊಡಗಿದ್ದು ಸೀಟಿನ ಮೂಲಕ ಸೊಂಟಕ್ಕೆ ಮೊದಲೇ ತಿಳಿಯುತ್ತದೆ. ಮನೆಯ ಕುರ್ಚಿಗೆ ಆ ಸುದ್ದಿ ಬರುವುದಿಲ್ಲ. ಸ್ಟೀರಿಂಗ್‌ನ ಫೋರ್ಸ್ ಫೀಡ್‌ಬ್ಯಾಕ್, ಟೈರಿನ ಸದ್ದು, ಪರದೆಯಲ್ಲಿ ರಸ್ತೆ ಓರೆಯಾಗುವ ಬಗೆ, ಇಷ್ಟರಿಂದಲೇ ಎಲ್ಲವನ್ನೂ ಊಹಿಸಬೇಕು. ಅಸೆಟ್ಟೊ ಕೊರ್ಸಾ ಎಂಬ ಸಿಮ್ಯುಲೇಟರ್‌ನಲ್ಲಿ ಎಂಜಿನ್ ಸದ್ದನ್ನೂ ಟೈರ್ ಸದ್ದನ್ನೂ ಬೇರೆಬೇರೆಯಾಗಿ ಹೊಂದಿಸಬಹುದು. ಎಂಜಿನ್ ತಗ್ಗಿಸಿ, ಟೈರ್ ಏರಿಸಿ. ಫ್ಲಾಟ್ ಸಿಕ್ಸ್ ಎಂಜಿನ್ನಿನ ಆ ಕರ್ಕಶ ಸೊಗಸನ್ನು ಬಿಟ್ಟುಕೊಡಲು ಮನಸ್ಸಾಗದು, ನಿಜ; ಆದರೆ ರೇಸಿನಲ್ಲಿ ನಿಮಗೆ ಬೇಕಾದ ಸುದ್ದಿ ಇರುವುದು ಟೈರಿನಲ್ಲಿ.

ಈ ಕಾರಿಗೆ ನಾನು ಆರಿಸುವ ಟ್ರ್ಯಾಕ್ ಇಂಗ್ಲೆಂಡಿನ ಬ್ರ್ಯಾಂಡ್ಸ್ ಹ್ಯಾಚ್. ಮೊದಲ ತಿರುವೇ ಪ್ಯಾಡಕ್ ಹಿಲ್: ಬಲಕ್ಕೆ ತಿರುಗುತ್ತಲೇ ನೆಲ ಕುಸಿದಂತೆ ಇಳಿಜಾರು, ತಿರುವು ಎಲ್ಲಿ ಮುಗಿಯುತ್ತದೆಂದು ಒಳಹೊಕ್ಕುವಾಗ ಕಾಣುವುದಿಲ್ಲ. ಇಳಿಜಾರಿಗೆ ಭಾರ ಹೇಗೂ ಮೂತಿಯ ಕಡೆ ವಾಲಿರುತ್ತದೆ. ಅಲ್ಲಿ ಬೆದರಿ ಕಾಲೆತ್ತಿದವರು ಹೊರಬದಿಯ ಜಲ್ಲಿಯಲ್ಲಿ ನಿಲ್ಲುತ್ತಾರೆ. ಹಾಗಾಗಿ ಬ್ರೇಕಿನ ಕೆಲಸವನ್ನೆಲ್ಲ ನೇರ ದಾರಿಯಲ್ಲೇ ಮುಗಿಸಿ, ಬೇಕಾದದ್ದಕ್ಕಿಂತ ತುಸು ನಿಧಾನವಾಗಿ ಒಳಹೊಕ್ಕು, ಮೂತಿ ತಿರುಗಿದೊಡನೆ ಆಕ್ಸಿಲರೇಟರನ್ನು ಮೆತ್ತಗೆ ಒತ್ತಬೇಕು. ಹಿಂದಿನ ಟೈರುಗಳು ನೆಲಕ್ಕೆ ಅಂಟಿಕೊಳ್ಳುತ್ತವೆ. ಕೆಳಗಿನ ತಗ್ಗಿನಲ್ಲಿ ಕಾರು ಒಮ್ಮೆ ಕುಗ್ಗಿ, ಮುಂದಿನ ತಿರುವಾದ ಡ್ರೂಯಿಡ್ಸ್ ಕಡೆಗೆ ಏರು ಹತ್ತುವಾಗ ಬಾಲದ ಅದೇ ಭಾರ ಆಸ್ತಿಯಾಗುತ್ತದೆ. ತಿರುವಿನಿಂದ ಹೊರಬೀಳುವಾಗ 911 ಒದೆಯುವ ರೀತಿಯೇ ಬೇರೆ. ಈ ಒಂದು ತಿರುವನ್ನು ಸರಿಯಾಗಿ ಇಳಿದು ಹತ್ತಿದ ಖುಷಿಗೆ ನಾನು ಇಡೀ ರೇಸಿನ ಸ್ಥಾನವನ್ನೇ ಬಿಟ್ಟುಕೊಟ್ಟೇನು.

ಗೇರ್ ಇಳಿಸುವಾಗಲೂ ಅಷ್ಟೇ ನಾಜೂಕು ಬೇಕು. ಕ್ಲಚ್ ಬಿಡುವ ಮುನ್ನ ಎಂಜಿನ್ ವೇಗವನ್ನು ಚಕ್ರಗಳಿಗೆ ಹೊಂದಿಸದಿದ್ದರೆ ಹಿಂದಿನ ಚಕ್ರಗಳು ಬಿಗಿದುಕೊಂಡು ಕಾರು ಗಿರ್ರನೆ ತಿರುಗುತ್ತದೆ.

ಎಲ್ಲರಿಗೂ ಇದೇ ಕಾರು, ಒಂದೇ ಸೆಟಪ್ ಎಂಬ ನಿಯಮದ ರೇಸುಗಳನ್ನೇ ನಾನು ಹುಡುಕುತ್ತೇನೆ. ಈ ನಿಯಮಕ್ಕೂ ಈ ಕಾರಿಗೂ ಹಳೆಯ ನಂಟಿದೆ. ಅಮೆರಿಕದಲ್ಲಿ 1973ರಲ್ಲಿ ಶುರುವಾದ ಮೊದಲ ಐರಾಕ್ ಸರಣಿಯಲ್ಲಿ ಫಾರ್ಮುಲಾ ಒನ್, ಇಂಡಿ, ನ್ಯಾಸ್ಕಾರ್ ಚಾಲಕರನ್ನು ಒಟ್ಟಿಗೆ ತಂದು, ಬಣ್ಣ ಬಿಟ್ಟರೆ ಬೇರೇನೂ ವ್ಯತ್ಯಾಸವಿಲ್ಲದ ಆರ್‌ಎಸ್‌ಆರ್‌ಗಳಲ್ಲಿ ಕೂರಿಸಿದ್ದರು. ಫಾರ್ಮುಲಾ ಒನ್‌ನ ಎಮರ್ಸನ್ ಫಿಟಿಪಾಲ್ಡಿಯೂ ನ್ಯಾಸ್ಕಾರ್‌ನ ರಿಚರ್ಡ್ ಪೆಟ್ಟಿಯೂ ಒಂದೇ ಸಾಲಿನಲ್ಲಿ ನಿಂತರು! 1974ರ ಫೆಬ್ರವರಿಯಲ್ಲಿ ಡೇಟೋನಾದಲ್ಲಿ ನಡೆದ ಅಂತಿಮ ರೇಸಿನೊಂದಿಗೆ ಸರಣಿ ಗೆದ್ದವನು ಮಾರ್ಕ್ ಡೊನೊಹ್ಯೂ. ಪೋರ್ಷೆಯ 917 ಕಾರುಗಳನ್ನು ಪರೀಕ್ಷಿಸಿ ತಿದ್ದುವುದರಲ್ಲಿ ಪಳಗಿದ್ದ ಎಂಜಿನಿಯರ್ ಆತ.

ಬೆಂಗಳೂರಿನಲ್ಲಿ ಕೂತು ಮಧ್ಯ ಯುರೋಪಿನ ಸರ್ವರ್‌ನಲ್ಲಿ ಓಡಿಸುವವರು ಒಂದು ಲೆಕ್ಕ ನೆನಪಿಡಬೇಕು. ಅಲ್ಲಿ ಚಳಿಗಾಲದ ರಾತ್ರಿ 8 ಗಂಟೆಯೆಂದರೆ ಇಲ್ಲಿ 12.30, ನಿದ್ದೆಯ ಮಾತು ಬಿಡಿ. ದೊಡ್ಡ ತೊಡಕು ಪಿಂಗ್, ಅಂದರೆ ಸರ್ವರ್‌ಗೆ ಸುದ್ದಿ ಹೋಗಿ ಬರಲು ಹಿಡಿಯುವ ಸಮಯ. 150 ಮಿಲಿಸೆಕೆಂಡ್ ತಡವೆಂದರೆ, ಗಂಟೆಗೆ 150 ಕಿ.ಮೀ. ವೇಗದಲ್ಲಿ ಕಾರು ಅಷ್ಟರಲ್ಲಿ ಆರು ಮೀಟರ್‌ಗೂ ಹೆಚ್ಚು ಓಡಿರುತ್ತದೆ. ಎದುರಾಳಿಯ ಕಾರಿಗೆ ನಿಮ್ಮ ಪರದೆ ತೋರಿಸುವ ಜಾಗ ಬರೀ ಒಂದು ಅಂದಾಜು. ಅವನ ಪರದೆಯಲ್ಲಿ ನೀವೂ ಹಾಗೆಯೇ. ಆದ್ದರಿಂದ ಪಕ್ಕಕ್ಕೆ ನುಗ್ಗುವಾಗ ಒಂದು ಕಾರಿನಷ್ಟು ಜಾಗ ಹೆಚ್ಚಿಗೇ ಬಿಡಿ. ಬಂಪರ್‌ಗೆ ಬಂಪರ್ ತಾಗಿಸಿ ಓಡುವ ಆಸೆಯಿದ್ದರೆ ಹತ್ತಿರದ ಸರ್ವರ್ ನೋಡಿಕೊಳ್ಳಿ.

ಕೊನೆಯ ಸುತ್ತುಗಳಿಗೆ ಕಾರಿನ ಗುಣ ಬದಲಾಗುತ್ತದೆ, ಹಲವರು ಸೋಲುವುದೂ ಅಲ್ಲೇ. 911ರ ಪೆಟ್ರೋಲ್ ಟ್ಯಾಂಕ್ ಇರುವುದು ಮೂತಿಯಲ್ಲಿ. ಶುರುವಿನಲ್ಲಿ ತುಂಬಿದ ಟ್ಯಾಂಕ್ ಮುಂದಿನ ಟೈರುಗಳನ್ನು ನೆಲಕ್ಕೆ ಒತ್ತಿರುತ್ತದೆ. ಪೆಟ್ರೋಲ್ ಕರಗಿದಂತೆ ಮೂತಿ ಹಗುರಾಗಿ, ಸ್ಟೀರಿಂಗ್ ತಿರುಗಿಸಿದರೂ ಕಾರು ಹೊರಕ್ಕೇ ಸಾಗುತ್ತದೆ. ಆಗ ಸ್ಟೀರಿಂಗ್ ಇನ್ನಷ್ಟು ತಿರುಚಿದರೆ ಟೈರ್ ಸುಡುವುದಷ್ಟೇ ಲಾಭ. ಬ್ರೇಕನ್ನು ಪೂರ್ತಿ ಬಿಡದೆ, ಎಳೆಯಷ್ಟು ಒತ್ತಿಹಿಡಿದೇ ತಿರುವಿನೊಳಕ್ಕೆ ಹೋಗಿ. ಮೂತಿಗೆ ಭಾರ ಮರಳಿ, ಅದು ಮತ್ತೆ ಮಾತು ಕೇಳುತ್ತದೆ. ಡ್ರೂಯಿಡ್ಸ್‌ನಲ್ಲಿ ಇದನ್ನು ಅಭ್ಯಾಸ ಮಾಡಿ. ಬೇಕೆಂದೇ ಕಾಲು ಟ್ಯಾಂಕ್ ಪೆಟ್ರೋಲ್ ಹಾಕಿ, ಸ್ಪರ್ಧೆಯಿಲ್ಲದೆ, ಒಬ್ಬರೇ.