ಯಂತ್ರನಾದದಲ್ಲಿ ಹತ್ತು ರಾಗಗಳು

ಮುಂಬಯಿಯ ಚಲನಚಿತ್ರ ವಾದ್ಯಗೋಷ್ಠಿಗಳಲ್ಲಿ ಗಿಟಾರು ನುಡಿಸುತ್ತಿದ್ದ ಚರಣಜಿತ್ ಸಿಂಗರು ಹತ್ತು ಹಿಂದೂಸ್ಥಾನಿ ರಾಗಗಳನ್ನು ಡಿಸ್ಕೋ ನಡೆಗೆ ಅಳವಡಿಸಿ, ವಿದ್ಯುನ್ಮಾನ ಯಂತ್ರಗಳಲ್ಲಿಯೇ ನುಡಿಸಿ, 1982ರಲ್ಲಿ ‘ಟೆನ್ ರಾಗಾಸ್ ಟು ಎ ಡಿಸ್ಕೋ ಬೀಟ್’ ಎಂಬ ಧ್ವನಿಮುದ್ರಿಕೆಯನ್ನು ಹೊರತಂದರು. ಆಗ ಅದು ಹೆಚ್ಚು ಜನರ ಕಿವಿಗೆ ಬೀಳಲಿಲ್ಲ. 2010ರಲ್ಲಿ ಮರುಮುದ್ರಣವಾದಮೇಲೆ ಪಾಶ್ಚಾತ್ಯ ವಿಮರ್ಶಕರು ಅದನ್ನು ಬಹುವಾಗಿ ಕೊಂಡಾಡಿದರು. 1987ರಲ್ಲಿ ಚಿಕಾಗೋ ನಗರದ ‘ಫ್ಯೂಚರ್’ ತಂಡದವರ ‘ಆಸಿಡ್ ಟ್ರ್ಯಾಕ್ಸ್’ನಿಂದ ಪ್ರಸಿದ್ಧಿಗೆ ಬಂದ ನೃತ್ಯಸಂಗೀತದ ಲಕ್ಷಣಗಳು ಐದು ವರ್ಷ ಮೊದಲೇ ಇಲ್ಲಿ ಕಾಣಿಸಿಕೊಂಡಿವೆಯೆಂಬುದೇ ಅದಕ್ಕೆ ಕಾರಣ. ಕೆಲವರು ಇದು ಈಚಿನವರ ಕಪಟರಚನೆಯೆಂದೂ ಶಂಕಿಸಿದರು. ಸ್ತುತಿಯೂ ಶಂಕೆಯೂ ಹೀಗೆ ಕಾಲನಿರ್ಣಯವನ್ನೇ ಸುತ್ತಿಕೊಂಡು, ರಾಗದ ವಿಚಾರವು ಹಿಂದೆ ಬಿದ್ದಿತು.

ಮೊದಲಿನದೆಂಬುದರಿಂದಲೇ ಕೃತಿಗೆ ಬೆಲೆ ಬರುವುದಾದರೆ ಸೋಮನಾಥಪುರಕ್ಕೆ ಯಾರೂ ಹೋಗಬೇಕಾಗಿಲ್ಲ. ಅಲ್ಲಿಯ ಕೇಶವ ದೇವಾಲಯವು 1268ರದು, ಬೇಲೂರಿನದಾದರೋ 1117ರದು. ನೂರೈವತ್ತು ವರ್ಷಗಳ ತರುವಾಯ ಹುಟ್ಟಿದ ಆ ಗುಡಿಯನ್ನು ನಾವು ಮೆಚ್ಚುವುದು ಅದರ ರಚನೆಗಾಗಿ. ಒಂದೇ ಮಂಟಪದೊಳಗೆ ಒಂದನ್ನೊಂದು ಹೋಲದ ಭುವನೇಶ್ವರಿಗಳನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಯಂತ್ರವನ್ನು ಬಳಸಿದುದೇ ದೋಷವೆಂಬ ಸಂಪ್ರದಾಯಸ್ಥರ ಮಾತೂ ನಿಲ್ಲದು. ಅದೇ ಸೀಮೆಯ ತಿರುಮಕೂಡಲು ಚೌಡಯ್ಯನವರು ಪಿಟೀಲಿನ ನಾಲ್ಕು ತಂತಿಗಳನ್ನು ಏಳಾಗಿಸಿ ನಾದಕ್ಕೆ ಪುಷ್ಟಿ ತಂದರು. ಗಮಕಕ್ಕೆ ಅದರಿಂದ ಕುಂದಾಗಲಿಲ್ಲ. ಉಪಕರಣವನ್ನು ಪರೀಕ್ಷಿಸತಕ್ಕ ಕ್ರಮ ಇದು.

ಸಿಂಗರ ಮುಖ್ಯ ಉಪಕರಣಗಳು ರೋಲೆಂಡ್ ಸಂಸ್ಥೆಯ ಮೂರು ಯಂತ್ರಗಳು: ರಾಗಕ್ಕೆ ಜೂಪಿಟರ್ 8, ತಾಳಕ್ಕೆ ಟಿ.ಆರ್. 808, ಮಂದ್ರಕ್ಕೆ ಟಿ.ಬಿ. 303. ಈ ಕಡೆಯದು ಒಂದು ಸ್ವರದಿಂದ ಇನ್ನೊಂದಕ್ಕೆ ಜಾರಬಲ್ಲದು. ಹಿಂದೂಸ್ಥಾನಿಯವರು ಮೀಂಡ್ ಎನ್ನುವುದರ, ನಮ್ಮವರು ಜಾರು ಎನ್ನುವುದರ ಛಾಯೆ ಅದರಲ್ಲಿ ಉಂಟು. ಚಲನಚಿತ್ರ ಸಂಗೀತದಂತೆ ಸ್ವರಮೇಳಗಳನ್ನು ಹೆಜ್ಜೆಹೆಜ್ಜೆಗೂ ಬದಲಿಸದೆ ರಾಗದ ಸ್ವರಗಳಲ್ಲಿಯೇ ಸಂಚರಿಸಿರುವುದು ಸಿಂಗರ ವಿವೇಕ. ಆದುದರಿಂದ ಭೂಪಾಲಿ, ಮಾಲಕಂಸ್ ಮುಂತಾದ ಔಡವ ರಾಗಗಳು ಚೆನ್ನಾಗಿ ನಿಂತಿವೆ. ಮೋಹನ, ಹಿಂದೋಳಗಳನ್ನು ಬಲ್ಲ ನಮ್ಮ ಕಿವಿಗೆ ಅವು ಕೂಡಲೇ ಪರಿಚಿತವಾಗುತ್ತವೆ. ತೋಡಿಯ ಮಾತು ಬೇರೆ. (ನಮ್ಮ ತೋಡಿಯಲ್ಲ, ಇದರ ಸ್ವರಗಳು ನಮ್ಮ ಶುಭಪಂತುವರಾಳಿಯವು.) ಅದರ ಗಾಂಧಾರವು ಬಹಳ ತಗ್ಗಿ ನಿಲ್ಲಬೇಕು. ಸ್ಥಾಯಿಯನ್ನು ಹನ್ನೆರಡು ಸಮಭಾಗಗಳಾಗಿ ಕತ್ತರಿಸಿದ ಯಂತ್ರದಲ್ಲಿ ಆ ಶ್ರುತಿಗೆ ಎಡೆಯಿಲ್ಲ. ರಾಗದ ಆಕಾರ ಉಳಿದು ಕಳೆ ಅಳಿಯುತ್ತದೆ. ಲಲಿತಕ್ಕೂ ಇದೇ ಗತಿ.

ಇದಕ್ಕಿಂತ ದೊಡ್ಡ ಕೊರತೆ ತಾಳದ್ದು. ಹತ್ತು ರಾಗಗಳಿಗೂ ಹೆಚ್ಚುಕಡಿಮೆ ಒಂದೇ ಓಟ. ಗಂಭೀರವಾದ ಮಾಲಕಂಸವೂ ಲಲಿತವಾದ ಕಲಾವತಿಯೂ ಸಮನಾಗಿ ದೌಡಾಯಿಸುತ್ತವೆ. ಸೋಮನಾಥಪುರದ ಶಿಲ್ಪಿ ಚೌಕಟ್ಟನ್ನು ಇಟ್ಟುಕೊಂಡು ಒಳಗನ್ನು ಬದಲಿಸಿದನು. ಇಲ್ಲಿ ಚೌಕಟ್ಟು ಒಳಗನ್ನೇ ನುಂಗಿರುವ ಸ್ಥಳಗಳು ಕೆಲವು ಇವೆ.

ರಾಗಗಳ ಅನುಕ್ರಮವೂ ವಿಚಾರಾರ್ಹವಾದುದು. ಕಚೇರಿಯ ಮುಕ್ತಾಯಕ್ಕೆ ರೂಢಿಯಾದ ಭೈರವಿಯನ್ನು ಮೊದಲಿಗಿಟ್ಟು, ಮಾಲಕಂಸದ ನಡುರಾತ್ರಿಯನ್ನು ದಾಟಿ, ಪ್ರಾತಃಕಾಲದ ಬೈರಾಗಿಯಲ್ಲಿ ನಿಲ್ಲಿಸಿದ್ದಾರೆ. ಇದು ಕಾಲನಿಯಮದ ಉಪೇಕ್ಷೆಯೋ, ಬೇಕೆಂದೇ ಮಾಡಿದ ವಿಪರ್ಯಾಸವೋ ಎಂಬುದನ್ನು ರಾಗಲಕ್ಷಣ ಬಲ್ಲವರು ಮುದ್ರಿಕೆಯನ್ನು ಮುಂದಿಟ್ಟುಕೊಂಡು ವಿಚಾರಿಸಬೇಕು.