ಸ್ಟೀಲ್ ಬಸ್ಸಿಗೆ ಪಾಲಿಶ್ ಯಾಕೆ?

ಹೋದ ವಾರ ಮಾತು ಕೊಟ್ಟಂತೆ ಈ ವಾರ ಪಾಲಿಶ್‌ಗಳ ಸರದಿ. ಡಬ್ಬಿಗಳನ್ನು ಮುಂದಿಟ್ಟುಕೊಂಡು ಒಂದೊಂದರ ಗುಣಾವಗುಣ ಬರೆಯಬಹುದಿತ್ತು. ಆದರೆ ಎಂಸಿ-8, ಎಂಸಿ-9ರಂಥ ಸ್ಟೀಲ್ ಮೈಯ ಹಳೆಯ ಎಂಸಿಐ ಬಸ್ಸು ಕೊಂಡು, ಸೀಟು ಕಿತ್ತು, ಒಳಗೆ ಮಂಚ ಒಲೆ ಹೂಡಿಕೊಂಡವರಿಗೆ ಮೊದಲು ಹೇಳಬೇಕಾದದ್ದು ಬೇರೆಯೇ ಇದೆ. ಡಬ್ಬಿ ಮುಚ್ಚಿಡಿ, ಬಕೆಟ್ ತನ್ನಿ.

ಸ್ಟೇನ್‌ಲೆಸ್ ಸ್ಟೀಲಿಗೆ ಹೊಳಪು ಹೊರಗಿನಿಂದ ಬರುವುದಿಲ್ಲ. ಉಕ್ಕಿನಲ್ಲಿ ಕ್ರೋಮಿಯಂ ಶೇ. 10.5ಕ್ಕಿಂತ ಹೆಚ್ಚಿದ್ದರೆ ಗಾಳಿಯ ಆಮ್ಲಜನಕದೊಡನೆ ಅದು ಸೇರಿ, ಮೇಲೆ ಒಂದು ಪೊರೆ ಕಟ್ಟಿಕೊಳ್ಳುತ್ತದೆ. ಕೆಲವೇ ನ್ಯಾನೋಮೀಟರ್ ದಪ್ಪದ, ಕಣ್ಣಿಗೆ ಕಾಣದ ಪೊರೆ. ಗೀಚಿದರೆ ಮತ್ತೆ ತಾನೇ ಕಟ್ಟಿಕೊಳ್ಳುತ್ತದೆ. ಅದಕ್ಕೆ ಬೇಕಾದದ್ದು ಎರಡೇ: ಮೈ ಶುದ್ಧವಾಗಿರಬೇಕು, ಗಾಳಿ ತಾಗಬೇಕು. ಕೊಳೆ ಕೂತ ಜಾಗದಲ್ಲಿ ಗಾಳಿ ತಾಗುವುದಿಲ್ಲ, ಪೊರೆ ಸೋಲುವುದು ಅಲ್ಲೇ. 1930ರಲ್ಲಿ ಮುಗಿದ ನ್ಯೂಯಾರ್ಕಿನ ಕ್ರೈಸ್ಲರ್ ಕಟ್ಟಡದ ಸ್ಟೀಲ್ ಶಿಖರವನ್ನು ಕಟ್ಟಿದ ಮೇಲೆ ತೊಳೆದದ್ದೇ ಅಪರೂಪ. 1961ರಲ್ಲೊಮ್ಮೆ, 1995ರಲ್ಲೊಮ್ಮೆ. ಮಳೆ ಬೀಳುವ ಎತ್ತರದ ಶಿಖರಕ್ಕೆ ಅಷ್ಟು ಸಾಕಾಯಿತು. ರಸ್ತೆಗೆ ಅಂಟಿಕೊಂಡು ಓಡುವ ಬಸ್ಸಿಗೆ ಆ ಭಾಗ್ಯವಿಲ್ಲ, ಅದರ ಮೈಮೇಲೆ ಏನೇನು ಬಂದು ಕೂರುತ್ತದೆ ಎಂದು ತಿಳಿದೇ ನೀರು ಹಾಕಬೇಕು.

ಹಿಂಬದಿಯಿಂದ ಶುರು ಮಾಡಿ. ಡೆಟ್ರಾಯ್ಟ್ ಡೀಸೆಲ್‌ನ ಟೂ-ಸ್ಟ್ರೋಕ್ ಎಂಜಿನ್ ಇರುವ ಬಸ್ಸಿನ ಬೆನ್ನ ಮೇಲಿನ ಮಸಿ ಬರೀ ಮಸಿಯಲ್ಲ, ಎಣ್ಣೆಯಲ್ಲಿ ಕಲಸಿದ ಮಸಿ. ನೀರು ಅದರ ಮೇಲೆ ಜಾರಿಹೋಗುತ್ತದೆ. ಮೊದಲು ಜಿಡ್ಡು ತೆಗೆಯುವ ದ್ರಾವಣ ಹಚ್ಚಿ ನೆನೆಯಲು ಬಿಟ್ಟು, ಆಮೇಲೆ ಸೋಪು. ಎರಡನೆಯದು ಉಪ್ಪು. ಕೆನಡಾದಲ್ಲೂ ಅಮೆರಿಕದ ಉತ್ತರದ ರಾಜ್ಯಗಳಲ್ಲೂ ಚಳಿಗಾಲದಲ್ಲಿ ಹಿಮ ಕರಗಿಸಲು ರಸ್ತೆಗೆ ಉಪ್ಪು ಸುರಿಯುತ್ತಾರೆ. ಅದರೊಳಗಿನ ಕ್ಲೋರೈಡ್ ಪೊರೆಯನ್ನು ಸೂಜಿಮೊನೆಯಷ್ಟು ಜಾಗದಲ್ಲಿ ತೂತು ಮಾಡಿ ಒಳಗೆ ಕೊರೆಯುತ್ತದೆ. ತಗಡಿನ ಕೆಳ ಅಂಚು, ರಿವೆಟ್ಟಿನ ಸುತ್ತ, ರಬ್ಬರ್ ಪಟ್ಟಿಯ ಅಡಿ, ಇವು ಉಪ್ಪಿನ ಅಡಗುದಾಣಗಳು. ಚಳಿಗಾಲದ ಪ್ರಯಾಣ ಮುಗಿದ ಕೂಡಲೇ ಅಲ್ಲಿಗೆ ಧಾರಾಳವಾಗಿ ಸಿಹಿನೀರು ಹರಿಸಬೇಕು. ಇದೇ ಕಾರಣಕ್ಕೆ ಬ್ಲೀಚ್ ಮತ್ತು ಕಕ್ಕಸು ತೊಳೆಯುವ ಆಸಿಡ್ ಬಸ್ಸಿನ ಹತ್ತಿರವೂ ಸುಳಿಯಬಾರದು.

ಮೂರನೆಯದು ಕಂದು ಕಲೆ. ಇದನ್ನು ಕಂಡವರು ಸ್ಟೀಲೇ ತುಕ್ಕು ಹಿಡಿಯಿತೆಂದು ಗಾಬರಿಯಾಗುತ್ತಾರೆ. ಬಹಳ ಸಲ ಅದು ಬೇರೆ ಕಡೆಯಿಂದ ಬಂದ ತುಕ್ಕು: ಬ್ರೇಕಿನ ಕಬ್ಬಿಣದ ಪುಡಿ, ಸಾದಾ ಉಕ್ಕಿನ ಸ್ಕ್ರೂ ತಲೆ, ಒಳಗಿನ ಫ್ರೇಮಿನಿಂದ ಸೋರಿ ಬಂದ ನೀರು. ಆಕ್ಸಾಲಿಕ್ ಆಮ್ಲವಿರುವ ಪುಡಿಯನ್ನು ಒದ್ದೆ ಬಟ್ಟೆಯಲ್ಲಿ ತೆಗೆದುಕೊಂಡು, ಕೈಗವಸು ಹಾಕಿ, ಹಗುರವಾಗಿ ಒರೆಸಿ, ಒಣಗಲು ಬಿಡದೆ ತೊಳೆದರೆ ಹೋಗುತ್ತದೆ. ಅಮೆರಿಕದವರು 1882ರಿಂದಲೂ ಬಳಸುತ್ತಿರುವ ಬಾರ್ ಕೀಪರ್ಸ್ ಫ್ರೆಂಡ್ ಡಬ್ಬಿಯ ಗುಟ್ಟು ಇದೇ ಆಮ್ಲ. ಇದರ ಬದಲು ಸ್ಟೀಲ್ ವುಲ್ ಹಿಡಿದು ಉಜ್ಜಿದರೆ ಅದರ ಕಬ್ಬಿಣದ ಚೂರುಗಳು ಗೆರೆಗಳಲ್ಲಿ ಸಿಕ್ಕಿಕೊಳ್ಳುತ್ತವೆ, ಮುಂದಿನ ಮಳೆಗೆ ಅವೇ ತುಕ್ಕಾಗಿ ಅರಳುತ್ತವೆ.

ತೊಳೆಯುವ ಕ್ರಮ ಹಳಬರಿಗೆ ಗೊತ್ತು: ನೆರಳಲ್ಲಿ ನಿಲ್ಲಿಸಿ, ಸೋಪು ಕೆಳಗಿನಿಂದ ಮೇಲಕ್ಕೆ, ನೀರು ಮೇಲಿನಿಂದ ಕೆಳಕ್ಕೆ. ಒಣ ತಗಡಿನ ಮೇಲೆ ಸೋಪು ಇಳಿದು ಗೆರೆ ಕಟ್ಟದಿರಲೆಂದು ಈ ಕ್ರಮ. ಕೊನೆಗೆ ಬಟ್ಟೆಯಿಂದ ಒರೆಸಲೇಬೇಕು. ನಮ್ಮ ಬೋರ್‌ವೆಲ್ ನೀರಿನಂಥ ಗಡುಸು ನೀರು ತಾನಾಗಿ ಆರಿದರೆ ಬಿಳಿ ಚುಕ್ಕೆ ಬಿಡುತ್ತದೆ. ಅದಕ್ಕೆ ನೀರು ಬೆರೆಸಿದ ವಿನೆಗರ್ ಸಾಕು.

ಇನ್ನು ಕನ್ನಡಿ ಪಂಥದವರ ವಿಚಾರ. ಕೈಯಲ್ಲಿ ಬಫಿಂಗ್ ಚಕ್ರ ಹಿಡಿದು, ಬಸ್ಸಿನ ಪಕ್ಕದಲ್ಲಿ ನಿಂತರೆ ಮುಖ ಕಾಣಬೇಕು ಎಂದು ಹಟ ಹಿಡಿದವರು ಇವರು. ಇವರೊಡನೆ ನನ್ನ ತಕರಾರು ಹಳೆಯದು, ಈಗಲೂ ಬಿಡುವುದಿಲ್ಲ. ಅವರ ಪರವಾಗಿ ಒಂದು ಮಾತು ನಿಜ: ಮೈ ನುಣುಪಾದಷ್ಟೂ ಕೊಳೆ ಕೂರುವುದು ಕಡಿಮೆ, ತುಕ್ಕಿನ ಭಯವೂ ಕಡಿಮೆ. ಆದರೆ ಬಸ್ಸಿನ ತಗಡು ತೆಳು. ಚಕ್ರ ಒಂದೇ ಕಡೆ ನಿಂತರೆ ಕಾವಿಗೆ ತಗಡು ಸೊಟ್ಟಗಾಗುತ್ತದೆ, ಬಣ್ಣ ಹಳದಿಗೆ ತಿರುಗುತ್ತದೆ. ಕಾರ್ಖಾನೆಯಿಂದ ಬಂದ ನವುರು ಗೆರೆಗಳು ಒಂದು ಕಡೆ ಅಳಿದರೆ ಅಲ್ಲಿ ತೇಪೆ ಹಾಕಿದ ಹಾಗೆ ಕಾಣುತ್ತದೆ. ಅದನ್ನು ಸರಿಪಡಿಸಲು ಇಡೀ ಪಕ್ಕವನ್ನೇ ಉಜ್ಜಬೇಕು. ಉಜ್ಜಿ ಮುಗಿಸಿದ ಮೇಲೆ ಹಿಂದೆ ಕಾಣದಿದ್ದ ಒಂದೊಂದು ತಗ್ಗೂ ಎದ್ದು ಕಾಣುತ್ತದೆ. ಗೆರೆಗಳ ಮೇಲೆ ಮೆತ್ತಗೆ ಹರಡುವ ಬೆಳಕೇ ಈ ಬಸ್ಸುಗಳ ಚೆಲುವು ಎಂದು ನಂಬಿದವನು ನಾನು.

ಗೆರೆ ಎಂದಾಗ ನೆನಪಾಯಿತು, ಈ ಬಸ್ಸುಗಳ ಪಕ್ಕದ ಉದ್ದಕ್ಕೂ ಇರುವ ಉಬ್ಬುಪಟ್ಟೆಗಳ ಕಥೆ ಪಾಲಿಶ್‌ಗಿಂತ ಎಷ್ಟೋ ದೊಡ್ಡದು. ಅಲಂಕಾರಕ್ಕೆ ಹುಟ್ಟಿದವಲ್ಲ ಅವು. ಫಿಲಡೆಲ್ಫಿಯಾದ ಎಡ್ವರ್ಡ್ ಬಡ್ ಅವರ ಕಂಪನಿಗೆ ಸ್ಟೇನ್‌ಲೆಸ್ ಸ್ಟೀಲಿನಿಂದ ಗಾಡಿ ಕಟ್ಟುವ ಆಸೆ. ತೊಡಕಾದದ್ದು ಬೆಸುಗೆ. ಹೆಚ್ಚು ಹೊತ್ತು ಕಾವು ಕೊಟ್ಟರೆ ಕ್ರೋಮಿಯಂ ಹೋಗಿ ಇಂಗಾಲದೊಡನೆ ಸೇರಿಬಿಡುತ್ತದೆ, ಬೆಸೆದ ಜಾಗ ತುಕ್ಕಿಗೆ ತುತ್ತಾಗುತ್ತದೆ. ಅಲ್ಲಿನ ಎಂಜಿನಿಯರ್ ಅರ್ಲ್ ರ‍್ಯಾಗ್ಸ್‌ಡೇಲ್ ರೂಪಿಸಿದ ಶಾಟ್‌ವೆಲ್ಡ್ ವಿಧಾನದಲ್ಲಿ ಭಾರಿ ವಿದ್ಯುತ್ತನ್ನು ಕ್ಷಣಾರ್ಧದಷ್ಟೇ ಹರಿಸಿ ಚುಕ್ಕೆ ಚುಕ್ಕೆಯಾಗಿ ಬೆಸೆಯುತ್ತಾರೆ. ಹಾಗೆ ಬೆಸೆದ ತೆಳು ತಗಡು ಅಲ್ಲಲ್ಲಿ ಏರುಪೇರಾಗಿ ಕಾಣುತ್ತಿತ್ತು. ಉದ್ದಕ್ಕೂ ಪಟ್ಟೆ ಮಡಿಸಿದಾಗ ತಗಡಿಗೆ ಬಿಗಿಯೂ ಬಂತು, ಏರುಪೇರೂ ಮರೆಯಾಯಿತು.

ಈ ವಿದ್ಯೆಯಿಂದ ಬಡ್ ಮೊದಲು ಕಟ್ಟಿದ್ದು ರೈಲಲ್ಲ, ವಿಮಾನ. 1931ರಲ್ಲಿ ಹಾರಿದ ಬಿಬಿ-1 ಪಯೊನಿಯರ್ 1935ರಿಂದ ಫಿಲಡೆಲ್ಫಿಯಾದ ಫ್ರಾಂಕ್ಲಿನ್ ಇನ್‌ಸ್ಟಿಟ್ಯೂಟಿನ ಹೊರಗೆ, ಬಯಲಲ್ಲೇ ನೆಲೆನಿಂತಿತು. ಆಮೇಲೆ ಬಂದದ್ದು ಪಯೊನಿಯರ್ ಜೆಫಿರ್ ರೈಲು. 1934ರ ಮೇ 26ರಂದು ಡೆನ್ವರಿನಿಂದ ಶಿಕಾಗೋಗೆ 1,015 ಮೈಲಿಯನ್ನು 13 ಗಂಟೆ 5 ನಿಮಿಷದಲ್ಲಿ ಓಡಿ ಮುಗಿಸಿತು. ಅದರ ಪಟ್ಟೆಗಳೇ ಹೊಸ ಕಾಲದ ಗುರುತಾದವು. ಬಸ್ಸಿನವರೂ ಅದನ್ನೇ ಹಿಡಿದರು. ಗ್ರೇಹೌಂಡಿಗಾಗಿ ಜನರಲ್ ಮೋಟಾರ್ಸ್ ಕಟ್ಟಿದ ಸಿಲ್ವರ್‌ಸೈಡ್ಸ್‌ನಲ್ಲಿ ಪಟ್ಟೆ, 1954ರಿಂದ 56ರವರೆಗೆ 1,001 ತಯಾರಾದ ಸೀನಿಕ್ರೂಸರ್‌ನಲ್ಲಿ ಪಟ್ಟೆ, ವಿನಿಪೆಗ್‌ನ ಎಂಸಿಐ ಬಸ್ಸುಗಳಲ್ಲೂ ಪಟ್ಟೆ. ನಮ್ಮ ಮೆಟ್ರೋಗಾಗಿ ಬೆಂಗಳೂರಿನ ಬಿಇಎಂಎಲ್ ಕಟ್ಟಿದ ಸ್ಟೀಲ್ ಬೋಗಿಗಳ ಪಕ್ಕ ಹೆಚ್ಚುಕಡಿಮೆ ಸಪಾಟು. ವಿದ್ಯೆ ಸುಧಾರಿಸಿ ಪಟ್ಟೆಯ ಅಗತ್ಯ ಕಳೆಯಿತು. ನನಗೆ ಮಾತ್ರ ಪಟ್ಟೆಯಿಲ್ಲದ ಸ್ಟೀಲ್ ಅಪೂರ್ಣವೆನ್ನಿಸುತ್ತದೆ.

ಪಟ್ಟೆ ಇರುವ ಗಾಡಿ ಎಷ್ಟು ಬಾಳುತ್ತದೆ ಎಂದು ತಿಳಿಯಬೇಕಾದವರು ಕೆನಡಾದ ‘ದಿ ಕೆನೇಡಿಯನ್’ ರೈಲು ಹತ್ತಬೇಕು. 1955ರ ಏಪ್ರಿಲ್‌ನಲ್ಲಿ ಓಟ ಆರಂಭಿಸಿದ ಆ ರೈಲಿಗೆ ಬಡ್ ಕಟ್ಟಿಕೊಟ್ಟದ್ದು 173 ಬೋಗಿಗಳು. ಅವುಗಳಲ್ಲಿ ಅನೇಕವು ಆ ದೇಶದ ಹಿಮ ಮಳೆಗಳಲ್ಲಿ ದಶಕಗಟ್ಟಲೆ ದುಡಿದಿವೆ.

ಈಗ ಒಂದು ಎಚ್ಚರಿಕೆ. ಸಿಲ್ವರ್‌ಸೈಡ್ಸ್, ಸೀನಿಕ್ರೂಸರ್‌ಗಳ ಪಟ್ಟೆ ಸ್ಟೀಲಲ್ಲ, ಅಲ್ಯೂಮಿನಿಯಂ. ಆ ಕಾಲದ ಜಿಎಂ ಬಸ್ಸುಗಳೆಲ್ಲ ಹೆಚ್ಚಾಗಿ ಹೀಗೆಯೇ. ಅಯಸ್ಕಾಂತ ಹಿಡಿದು ಪರೀಕ್ಷಿಸಬೇಡಿ. 18 ಪಾಲು ಕ್ರೋಮಿಯಂ, 8 ಪಾಲು ನಿಕ್ಕಲ್ ಇರುವ ಸ್ಟೀಲಿಗೂ ಅಯಸ್ಕಾಂತ ಸರಿಯಾಗಿ ಅಂಟುವುದಿಲ್ಲ, ಅಲ್ಯೂಮಿನಿಯಂಗಂತೂ ಇಲ್ಲವೇ ಇಲ್ಲ. ಕಾಣದ ಮೂಲೆಯಲ್ಲಿ ಚೂರು ಪಾಲಿಶ್ ಹಚ್ಚಿ ಉಜ್ಜಿದಾಗ ಬಟ್ಟೆ ಕಪ್ಪಾದರೆ ಅದು ಬರಿಮೈ ಅಲ್ಯೂಮಿನಿಯಂ. ಆನೊಡೈಸ್ ಪದರ ಇನ್ನೂ ಗಟ್ಟಿಯಾಗಿದ್ದರೆ ಬಟ್ಟೆ ಕಪ್ಪಾಗುವುದಿಲ್ಲ, ಅಂಥದಕ್ಕೆ ಪಾಲಿಶ್ ಮುಟ್ಟಿಸಲೇಬಾರದು. ಟ್ರಕ್ ತೊಳೆಯುವ ಜಾಗಗಳಲ್ಲಿ ಸಿಗುವ ಅಲ್ಯೂಮಿನಿಯಂ ಬ್ರೈಟ್‌ನರ್‌ಗಳಲ್ಲಿ ಅನೇಕಕ್ಕೆ ಹೈಡ್ರೋಫ್ಲೂರಿಕ್ ಆಮ್ಲ ಸೇರಿರುತ್ತದೆ. ಅದು ಕಿಟಕಿಯ ಗಾಜನ್ನು ತಿನ್ನುತ್ತದೆ, ಚರ್ಮದಿಂದ ಇಳಿದು ಎಲುಬಿಗೂ ತಲುಪುತ್ತದೆ. ಯಾವ ಬಸ್ಸಿಗೂ ಅದು ಬೇಡ.

ಪಾಲಿಶ್ ನಿಜಕ್ಕೂ ಬೇಕಾದದ್ದು ಆನೊಡೈಸ್ ಸವೆದು ಮಂಕಾದ ಅಲ್ಯೂಮಿನಿಯಂ ಮೈಗೆ. ಆ ಡಬ್ಬಿಗಳ ವಿಚಾರ ಮುಂದಿನ ವಾರ, ಜಿಎಂ ಬಸ್ಸಿನವರಿಗಾಗಿ. ಎಂಸಿಐ ಇಟ್ಟುಕೊಂಡವರು ಆ ಹೊತ್ತಿನಲ್ಲಿ ಬಸ್ಸು ತೊಳೆಯಬಹುದು.